ಹತ್ತೊಂಬತ್ತರ ಏರಿ

ದಿನಕ್ಕೆ ಒಂಬತ್ತು ಮೈಲಿ ಹಳಿಯ ಮೇಲೆ ನಡೆಯುವುದು ನನ್ನ ಕೆಲಸ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಚೀಲದಲ್ಲಿ ಸ್ಪ್ಯಾನರು, ನಾಲ್ಕು ಮೊಳೆ, ಸುತ್ತಿಟ್ಟ ಕೆಂಪು ಬಾವುಟ. ಸಡಿಲವಾದ ಬೋಲ್ಟನ್ನು ಬಿಗಿಮಾಡಬೇಕು, ಮೇಲೆದ್ದ ಮೊಳೆಯನ್ನು ಬಡಿಯಬೇಕು, ಒಡೆದ ಹಳಿ ಕಂಡರೆ ಓಡಿಹೋಗಿ ಗಾಡಿಗೆ ಬಾವುಟ ತೋರಿಸಬೇಕು. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಸಲ ಬಾವುಟ ತೋರಿಸಿದ್ದೇನೆ. ಅವತ್ತೂ ಹಳಿ ಒಡೆದಿರಲಿಲ್ಲ, ಅದರ ಮೇಲೆ ಕೊಂಬೆಯ ನೆರಳು ಬಿದ್ದಿತ್ತು. ಡ್ರೈವರು ಇಳಿದು ಬಂದು ನೆರಳನ್ನು ನೋಡಿ, ನನ್ನನ್ನು ನೋಡಿ, ಏನೂ ಹೇಳದೆ ಹತ್ತಿ ಹೋದ. ಬೈದಿದ್ದರೆ ಒಳ್ಳೆಯದಿತ್ತು.

ನಾಲ್ಕನೆಯ ಮೈಲಿಯಲ್ಲಿ ಏರಿ ಬರುತ್ತದೆ. ಎರಡು ಗುಡ್ಡಗಳ ನಡುವಿನ ಹಳ್ಳಕ್ಕೆ ಮಣ್ಣು ತುಂಬಿ, ಅದರ ಮೇಲೆ ಹಳಿ ಹಾಕಿದ್ದಾರೆ. ಕಂಪನಿಯ ನಕ್ಷೆಯಲ್ಲಿ ಅದಕ್ಕೆ ಒಂದು ನಂಬರಿದೆ. ನಮ್ಮವರು ಅದನ್ನು ಹತ್ತೊಂಬತ್ತರ ಏರಿ ಎನ್ನುತ್ತಾರೆ. ಸಾವಿರದ ಎಂಟುನೂರ ಐವತ್ತೆರಡರ ಆಗಸ್ಟಿನಲ್ಲಿ ಕಾಲರಾ ಬಂದಾಗ, ಐರ್ಲೆಂಡಿನ ಡೊನೆಗಾಲ್ ಕಡೆಯಿಂದ ಬಂದ ಕೂಲಿಯವರ ತಂಡದಲ್ಲಿ ಹತ್ತೊಂಬತ್ತು ಮಂದಿ ಎಂಟು ದಿನಗಳಲ್ಲಿ ಸತ್ತರು. ಗುತ್ತಿಗೆದಾರ ಅವರನ್ನು ಅಲ್ಲೇ ಹಾಕಿಸಿ, ಗಾಡಿಗಟ್ಟಲೆ ಮಣ್ಣು ಸುರಿಸಿ, ಅವರ ಜೋಪಡಿಗೆ ಬೆಂಕಿ ಕೊಡಿಸಿದ. ಕಂಪನಿಯ ಪುಸ್ತಕದಲ್ಲಿ ಯಾರೂ ಸತ್ತಿಲ್ಲ. ಉಳಿದದ್ದು ಒಂದು ಹಾಡು. ಒಬ್ಬೊಬ್ಬ ಸತ್ತವನಿಗೂ ಅವನ ಹೆಸರು ಹಿಡಿದು ಕರೆಯುವ ಒಂದೊಂದು ಪದ್ಯ.

ಆ ಹತ್ತೊಂಬತ್ತು ಮಂದಿಯಲ್ಲಿ ನನ್ನ ಅಪ್ಪ ಇದ್ದಾನೆಯೇ ಎಂದು ತಿಳಿಯುವುದಕ್ಕಾಗಿಯೇ ನಾನು ಈ ಊರಿಗೆ ಬಂದದ್ದು.

ಅಪ್ಪ ಹಡಗು ಹತ್ತಿದಾಗ ನಾನು ಆರು ತಿಂಗಳ ಕೂಸು. ಅಮೆರಿಕದಲ್ಲಿ ರೈಲಿನ ಕೆಲಸದಲ್ಲಿ ಸತ್ತ ಎಂದು ಅಮ್ಮ ಹೇಳುತ್ತಿದ್ದಳು. ಎಲ್ಲಿ, ಹೇಗೆ ಎಂದು ಕೇಳಿದರೆ ಒಲೆಯ ಕಡೆ ತಿರುಗಿಬಿಡುತ್ತಿದ್ದಳು. ಅವಳು ಹೋದ ಮರುವರ್ಷ ನಾನೂ ಕಡಲು ದಾಟಿದೆ. ನಮ್ಮ ಸೀಮೆಯವರು ಸತ್ತ ಏರಿ ಒಂದಿದೆ ಎಂದು ಫಿಲಡೆಲ್ಫಿಯಾದ ಹಡಗುಕಟ್ಟೆಯಲ್ಲಿ ಯಾರೋ ಹೇಳಿದರು. ಕೊನೆಗೆ ಇದೇ ಹಾದಿಯಲ್ಲಿ ಕೆಲಸ ಸಿಕ್ಕಿತು. ಆದರೆ ಹನ್ನೆರಡು ವರ್ಷ ನಾನು ಯಾರನ್ನೂ ಏನನ್ನೂ ಕೇಳಲಿಲ್ಲ. ಕೇಳದೆ ಇದ್ದಷ್ಟು ಕಾಲ ಅಪ್ಪ ಅಲ್ಲೇ ಇರುತ್ತಾನೆ. ಕೇಳಿ ಇಲ್ಲ ಎಂದುಬಿಟ್ಟರೆ, ಅವನು ಸಾಯದೆ ನಮ್ಮನ್ನು ಬಿಟ್ಟುಹೋದವನಾಗುತ್ತಾನೆ. ಏರಿಯ ಮೇಲೆ ನಡೆಯುವಾಗ ದಿನವೂ ಟೋಪಿ ತೆಗೆಯುತ್ತಿದ್ದೆ. ಅಷ್ಟು ಸಾಕು ಎಂದುಕೊಂಡಿದ್ದೆ.

ನಮ್ಮ ಐರಿಷ್ ಸಂಘದವರು ಏರಿಯ ಬುಡದಲ್ಲಿ ಕಲ್ಲು ನಿಲ್ಲಿಸಬೇಕೆಂದು ತೀರ್ಮಾನಿಸಿದ್ದು ಎಂಬತ್ತೇಳರ ವಸಂತದಲ್ಲಿ. ಸಂಘದ ಅಧ್ಯಕ್ಷ ಟರ್ಲೊ ಹೀನಿ, ಸ್ಟೇಷನ್ನಿನ ಎದುರಿನ ಹೆಂಡದಂಗಡಿಯವನು. ಅವನ ಅಂಗಡಿಯಲ್ಲೂ ಆ ಹಾಡು ಹಾಡುತ್ತಿದ್ದರು. ಆದರೆ ಅಲ್ಲಿ ಅದು ಕುಣಿತದ ಹಾಡಾಗಿ ಹೋಗಿತ್ತು. ಮೊದಲ ಪದ್ಯ, ಕೊನೆಯ ಪದ್ಯ, ನಡುವೆ ಪಿಟೀಲು. ನಡುವಿನ ಹೆಸರುಗಳು ಯಾರಿಗೂ ಬೇಕಿರಲಿಲ್ಲ.

"ಪೂರ್ತಿ ಹಾಡು ಬರೋದು ನಾಬ್ಲಾ ಒಬ್ಬಳಿಗೇ," ಎಂದ ಟರ್ಲೊ. "ಅವಳು ಹೋದ್ರೆ ಹಾಡೂ ಹೋಯ್ತು. ಯಾರಾದ್ರೂ ಹೋಗಿ ಹೆಸರು ಬರ್ಕೊಂಡ್ ಬರ್ಬೇಕು. ನಮ್ಮಲ್ಲಿ ಬರೆಯೋಕೆ ಬರೋರು ಯಾರಪ್ಪಾ?"

ಎಲ್ಲರೂ ನನ್ನ ಕಡೆ ನೋಡಿದರು. ಸಂಜೆ ಶಾಲೆಯಲ್ಲಿ ಮೂರು ಚಳಿಗಾಲ ಕೂತು ಓದಿದವನು ನಾನೊಬ್ಬನೇ.

"ನನ್ನ ಅಕ್ಷರ ಅಷ್ಟು ಚೆನ್ನಾಗಿಲ್ಲ," ಎಂದೆ. "ಮತ್ತೆ ಅವಳು ಹಾಡೋದು ಐರಿಷ್‌ನಲ್ಲಿ. ನಾನು ಬರೆಯೋಕೆ ಕಲ್ತಿದ್ದು ಇಂಗ್ಲಿಷು."

"ನೋಡ್ರಪ್ಪಾ, ಮೇಷ್ಟ್ರು ಶುರು ಮಾಡಿದ್ರು. ಲೋ ಕಾನಲ್, ಹೆಸರು ಹೆಸರೇ ಕಣೋ. ಕೇಳ್ಸಿದ ಹಾಗೆ ಬರಿ. ನೆರಳು ಕಂಡು ಗಾಡಿ ನಿಲ್ಸಿದೋನು ನೀನು, ನಿನಗಿಂತ ಜೋಪಾನವಾಗಿ ಬರೆಯೋರು ಯಾರಿದ್ದಾರೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಒಪ್ಪಿಕೊಂಡೆ.

ನಾಬ್ಲಾ ಇದ್ದದ್ದು ಊರಾಚೆ, ಸೊಸೆ ಮೇವ್ ಜೊತೆ. ಐವತ್ತೆರಡರಲ್ಲಿ ಅವಳು ಮೂವತ್ತು ವರ್ಷದವಳು, ಕೂಲಿಯವರ ಜೋಪಡಿಯಲ್ಲಿ ಅಡುಗೆ ಮಾಡುತ್ತಿದ್ದಳು. ಸತ್ತವರ ಬಾಯಿಗೆ ಕೊನೆಯ ನೀರು ಬಿಟ್ಟವಳು ಅವಳೇ, ಆಮೇಲೆ ಹಾಡು ಕಟ್ಟಿದವಳೂ ಅವಳೇ. ಮೊದಮೊದಲು ಪ್ರತಿ ಆಗಸ್ಟಿನಲ್ಲಿ ಸತ್ತವರ ಮನೆಯವರು ಅವಳ ಅಡುಗೆಮನೆಯಲ್ಲಿ ಸೇರಿ ಹಾಡಿಸುತ್ತಿದ್ದರಂತೆ. ರೈಲು ಪಶ್ಚಿಮಕ್ಕೆ ಹೋದ ಹಾಗೆ ಅವರೂ ಚದುರಿಹೋದರು. ಹತ್ತು ವರ್ಷದಿಂದ ಕೇಳುವವರಿರಲಿಲ್ಲ. ಮೇವ್ ಬೇರೆ ಸೀಮೆಯವಳು, ಇಂಗ್ಲಿಷ್ ಮಾತಿನ ಮನೆಯವಳು. ಅತ್ತೆಯ ದಿನಬಳಕೆಯ ಐರಿಷ್ ಅವಳಿಗೆ ತಿಳಿಯುತ್ತಿತ್ತು, ಹಾಡು ಅರ್ಥವಾಗುತ್ತಿರಲಿಲ್ಲ.

ಮೊದಲ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಹೋದೆ. ಹೊಸ ನೋಟ್‌ಪುಸ್ತಕ, ಚೂಪಾಗಿ ಕೆತ್ತಿದ ಎರಡು ಪೆನ್ಸಿಲು. ನಾಬ್ಲಾ ಒಲೆಯ ಪಕ್ಕ ಕೂತಿದ್ದಳು.

"ಅದನ್ನ ಕೆಳಗಿಡು," ಎಂದಳು ಪೆನ್ಸಿಲು ನೋಡಿ. "ಮೊದಲ್ನೇ ಸಲ ಕೇಳೋರು ಬರೆಯಲ್ಲ ಮಗಾ. ಕೈ ಹಿಡ್ಕೊ."

ಅದು ನನಗೆ ಗೊತ್ತಿರಬೇಕಿತ್ತು. ನಮ್ಮ ಕಡೆ ದುಃಖದ ಹಾಡು ಹೇಳುವವರ ಕೈಯನ್ನು ಕೇಳುವವನೊಬ್ಬ ಹಿಡಿದುಕೊಂಡು, ಹಾಡಿನ ಜೊತೆ ಮೆಲ್ಲಗೆ ತಿರುಗಿಸುತ್ತಾ ಇರಬೇಕು, ಬಾವಿಯ ರಾಟೆ ತಿರುಗಿಸಿದ ಹಾಗೆ. ಹೊಸದಾಗಿ ಬಂದವನಿಗೆ ಆ ಕೆಲಸ. ನಾನು ಅವಳ ಮುಂದೆ ಮುಕ್ಕಾಲಿಯ ಮೇಲೆ ಕೂತು ಅವಳ ಬಲಗೈ ಹಿಡಿದೆ. ಅವಳು ಗೋಡೆಯ ಕಡೆ ಮುಖ ಮಾಡಿ ಹಾಡತೊಡಗಿದಳು.

ರಾಸಿನ್ ಊರ ಕಾನರ್, ನಿನ್ನ ಸಲಿಕೆಯ ಹಿಡಿ ಇನ್ನೂ ಬೆಚ್ಚಗೆ,
ಹಿಡಿದ ಕೈ ಮಾತ್ರ ಕಲ್ಲು.

ಕಲ್ಲು ಒಡೆಯುವ ಡೊನಲ್, ಗುಡ್ಡವೇ ನಿನಗೆ ಸೋತಿತ್ತು,
ಒಂದು ಲೋಟ ನೀರಿಗೆ ನೀನು ಸೋತೆ.

ಹಾಗೆ ಒಂದು ಪದ್ಯದ ಕೊನೆಯ ಮಾತನ್ನು ಹಿಡಿದುಕೊಂಡೇ ಮುಂದಿನ ಪದ್ಯ ಏಳುತ್ತಿತ್ತು. ಒಬ್ಬ ಇನ್ನೊಬ್ಬನ ಕೈ ಹಿಡಿದು ಮೇಲೆಳೆದ ಹಾಗೆ. ಪ್ರತಿ ಪದ್ಯದ ಕೊನೆಗೆ ನಾನು "ದೇವರು ಅವನಿಗೆ ಜಾಗ ಕೊಡಲಿ" ಎನ್ನಬೇಕು. ಅಂದೆ. ಎಷ್ಟು ಸಲ ಅಂದೆ ಎಂದು ಎಣಿಸಲಿಲ್ಲ. ಕೆಲವು ಹೆಸರು ಅವಳ ಗಂಟಲಲ್ಲೇ ಉಳಿದುಬಿಡುತ್ತಿದ್ದವು. ನನ್ನ ಕಿವಿ ಒಂದೇ ಒಂದು ಹೆಸರಿಗೆ ಕಾದಿತ್ತು, ಬೇರೆಯವರ ಹೆಸರುಗಳನ್ನು ಸರಿಯಾಗಿ ಕೇಳಿಸಿಕೊಳ್ಳಲೇ ಇಲ್ಲ. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಹಾಡು ಮುಗಿಯಿತು. ಅಪ್ಪನ ಹೆಸರು ಬರಲಿಲ್ಲ. ಬರಲಿಲ್ಲ ಎಂದೇ ನನಗನ್ನಿಸಿತು.

ಆಗ ನಾನು ತಪ್ಪು ಮಾಡಿದೆ.

"ಅಜ್ಜಿ, ಓವನ್ ಮೆಕ್‌ಗಿನ್ಲಿ ಅಂತ ಯಾರೂ ಇರ್ಲಿಲ್ವಾ?" ಎಂದು ಕೇಳಿದೆ. "ಎರಡು ಕೆರೆ ನಡುವಿನ ಊರಿನೋನು. ನಾನು ತೊಟ್ಟಿಲಲ್ಲಿದ್ದಾಗ ಬಿಟ್ಟು ಬಂದೋನು. ನನ್ನಪ್ಪ."

ಅವಳು ನನ್ನ ಮುಖವನ್ನೇ ನೋಡಿದಳು. ಕೈ ಬಿಡಲಿಲ್ಲ.

"ಬರೋ ಭಾನುವಾರ ಬಾ ಮಗಾ. ಅವತ್ತು ಬರ್ಕೊಳ್ಳುವಿಯಂತೆ."

ಮುಂದಿನ ಭಾನುವಾರ ಅವಳೇ ನೋಟ್‌ಪುಸ್ತಕ ತೆಗೆ ಎಂದಳು. ಒಂದೊಂದು ಪದ್ಯವನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಕಾನರ್, ಡೊನಲ್, ಅವರ ಹಿಂದಿನವರು, ಮುಂದಿನವರು. ಹನ್ನೊಂದನೆಯ ಪದ್ಯಕ್ಕೆ ಬಂದಾಗ ಒಂದು ಗುಟುಕು ಚಹಾ ಕುಡಿದು, ಗೋಡೆಯ ಕಡೆ ತಿರುಗದೆ, ನನ್ನನ್ನೇ ನೋಡುತ್ತಾ ಹಾಡಿದಳು.

ಎರಡು ಕೆರೆ ನಡುವಿನ ಓವನ್, ಕೆಂಪು ಗಡ್ಡದವನೇ,
ತೊಟ್ಟಿಲಿಗೆ ಬೆನ್ನು ಮಾಡಿ ಕಡಲು ದಾಟಿದವನೇ,
ಮಣ್ಣು ಹೊರಲು ಬಂದೆ, ಮಣ್ಣು ಹೊದ್ದು ಮಲಗಿದೆ.

ನನ್ನ ಪೆನ್ಸಿಲಿನ ಮೊನೆ ಮುರಿಯಿತು. ಮೇವ್ ಕತ್ತರಿ ತಂದು ಕೊಟ್ಟಳು, ಅದರಲ್ಲೇ ಕೆತ್ತಿಕೊಂಡೆ. ಕಣ್ಣು ಮಂಜಾಗಿ ಉಳಿದ ಎಂಟು ಪದ್ಯಗಳನ್ನು ಹೇಗೆ ಬರೆದೆನೋ ತಿಳಿಯದು.

ಮನೆಗೆ ಬಂದು ಒಳ್ಳೆಯ ಕಾಗದದಲ್ಲಿ ಹೆಸರುಗಳನ್ನು ಮತ್ತೆ ಬರೆದೆ. ಮನಸ್ಸಿನೊಳಗೆ ಒಂದು ಮುಳ್ಳು ಇದ್ದೇ ಇತ್ತು. ಮೊದಲ ವಾರ ಯಾಕೆ ಕೇಳಿಸಲಿಲ್ಲ? ಮುದುಕಿ ಸೇರಿಸಿದಳೇ? ಆಮೇಲೆ ಎಣಿಸಿದೆ. ಹತ್ತೊಂಬತ್ತು. ಇನ್ನೊಮ್ಮೆ ಎಣಿಸಿದೆ. ಹತ್ತೊಂಬತ್ತೇ. ಅವಳು ಸೇರಿಸಿದ್ದರೆ ಇಪ್ಪತ್ತಾಗಬೇಕಿತ್ತು. ಊರಿಗೆಲ್ಲ ಗೊತ್ತಿರುವ ಲೆಕ್ಕ ಸರಿಹೋಯಿತು. ಹಾಗಾದರೆ ಅಪ್ಪ ಮೊದಲಿನಿಂದಲೂ ಅಲ್ಲಿದ್ದ, ನನ್ನ ಕಿವಿಯೇ ತಪ್ಪಿತು. ಅವತ್ತು ನಾನು ಅತ್ತೆ. ಮೂವತ್ತೇಳು ವರ್ಷದವನು, ಮೇಜಿನ ಮೇಲೆ ತಲೆಯಿಟ್ಟು, ಅಪ್ಪ ಸತ್ತ ಎಂಬ ಸಂತೋಷಕ್ಕೆ ಅತ್ತೆ.

ಪಟ್ಟಿಯನ್ನು ಟರ್ಲೊಗೆ ಕೊಟ್ಟೆ. ಕಲ್ಲು ಕೆತ್ತುವ ಕ್ರಾಟ್ಸ್‌ನ ಕೆಲಸದಂಗಳಕ್ಕೆ ಅದು ಮರುದಿನವೇ ಹೋಯಿತು. ನಾನು ಕಡಲಾಚೆ ನಮ್ಮ ಊರಿನಲ್ಲಿರುವ ಅಕ್ಕ ಗ್ರಾನ್ಯಾಗೆ ಕಾಗದ ಬರೆದೆ. ಅಪ್ಪ ಸಿಕ್ಕಿದ, ನಮ್ಮವರ ನಡುವೆ ಮಲಗಿದ್ದಾನೆ, ಅವನ ಹೆಸರು ಕಲ್ಲಿನ ಮೇಲೆ ಬರುತ್ತದೆ ಎಂದು. ಕೊನೆಯಲ್ಲಿ ಒಂದು ಸಾಲು: ಅವನಿಗೆ ಕೆಂಪು ಗಡ್ಡ ಇತ್ತೇ ಅಕ್ಕ? ನಿನಗೆ ನೆನಪಿರಬೇಕು.

ಉತ್ತರ ಬರುವುದಕ್ಕೆ ಆರು ವಾರ ಹಿಡಿಯಿತು. ಅಷ್ಟರಲ್ಲಿ ಕಲ್ಲು ಸಿದ್ಧವಾಗಿತ್ತು. ಒಂದು ಮಂಗಳವಾರ ಊಟದ ಬಿಡುವಿನಲ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು, ಬ್ರೆಡ್ಡು ಹಂದಿಮಾಂಸ ಪಕ್ಕಕ್ಕಿಟ್ಟು, ಕಾಗದ ಬಿಡಿಸಿದೆ. ಅಕ್ಕ ತನ್ನ ಮಗಳ ಕೈಲಿ ಬರೆಸಿದ್ದಳು.

"ತಮ್ಮಾ ಕಾನಲ್, ನಿನ್ನ ಕಾಗದ ಓದಿಸಿ ಕೇಳಿ ಎರಡು ದಿನ ನಿದ್ದೆ ಮಾಡಲಿಲ್ಲ. ಅಪ್ಪನಿಗೆ ಗಡ್ಡ ಇರಲಿಲ್ಲ. ಕೂದಲು ಕಪ್ಪು. ಅಮ್ಮನಿಗೆ ಆಣೆ ಇಟ್ಟಿದ್ದೆ, ಅದಕ್ಕೇ ಇಷ್ಟು ದಿನ ಹೇಳಲಿಲ್ಲ. ನೀನು ಐದು ವರ್ಷದವನಿದ್ದಾಗ ಅಪ್ಪನಿಂದ ಒಂದು ಕಾಗದ ಬಂದಿತ್ತು, ಮಿಸೌರಿ ಎಂಬ ಕಡೆಯಿಂದ. ಪಾದ್ರಿಗಳು ಓದಿ ಹೇಳಿದರು. ಅವನಿಗೆ ಅಲ್ಲಿ ಬೇರೆ ಸಂಸಾರ ಆಗಿದೆ, ಕಾಯಬೇಡ ಅಂತ. ಅಮ್ಮ ಅದನ್ನು ಒಲೆಗೆ ಹಾಕಿದಳು. ಹುಡುಗನಿಗೆ ಅಪ್ಪ ಸತ್ತ ಎಂದೇ ಗೊತ್ತಿರಲಿ ಅಂದಳು. ಅವನ ಹೆಸರನ್ನು ಸತ್ತವರ ಕಲ್ಲಿನ ಮೇಲೆ ಹಾಕಿಸಬೇಡ ತಮ್ಮಾ. ಅವರಿಗೆ ಅದು ಒಳ್ಳೆಯದಲ್ಲ."

ನನಗೆ ಐದು ವರ್ಷ ಎಂದರೆ ಐವತ್ತೈದು. ಏರಿಯವರು ಸತ್ತು ಮೂರು ವರ್ಷವಾಗಿತ್ತು.

ಅಪ್ಪನ ವಿಷಯ ಅಲ್ಲಿಗೆ ಮುಗಿಯಿತು. ನಾನು ಹೆದರಿದ್ದದ್ದು ನಿಜವಾಗಿತ್ತು, ಅಷ್ಟೇ. ಬ್ರೆಡ್ಡು ತಿಂದೆ. ಸುತ್ತಿಗೆ ಎತ್ತಿಕೊಂಡು ಎದ್ದು ಹೊರಟೆ. ಏರಿಯ ಮೇಲೆ ಬಂದಾಗ ಟೋಪಿಗೆ ಕೈ ಹಾಕಿದೆ, ಹಾಕಿದ ಕೈ ಅಲ್ಲೇ ನಿಂತಿತು. ಪಟ್ಟಿಯಲ್ಲಿ ಇದ್ದದ್ದು ಹತ್ತೊಂಬತ್ತು. ಅದರಲ್ಲಿ ಅಪ್ಪನನ್ನು ತೆಗೆದರೆ ಹದಿನೆಂಟು. ಈ ಮಣ್ಣಿನ ಕೆಳಗೆ ಇರುವವರು ಹತ್ತೊಂಬತ್ತು.

ಹಾಗಾದರೆ ಅಪ್ಪನಿಗೆ ಜಾಗ ಕೊಡಲು ಎದ್ದು ಹೋದವನು ಯಾರು?

ಕೆಲಸ ಮುಗಿಸಿದವನೇ ಬಟ್ಟೆ ಬದಲಿಸದೆ ನಾಬ್ಲಾ ಮನೆಗೆ ಹೋದೆ. ಅವಳು ಎದೆಯಲ್ಲಿ ಕಫ ಕಟ್ಟಿ ಹಾಸಿಗೆ ಹಿಡಿದಿದ್ದಳು. ಕಾಗದದ ಸುದ್ದಿ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ.

"ನೀನು ಹೆಸರು ಹಿಡಿದು ಕೇಳಿದೆಯಲ್ಲ ಮಗಾ," ಎಂದಳು. "ಹಾಡೋಳ ಮನೆಗೆ ಬಂದು ತನ್ನ ಸತ್ತೋನ ಹೆಸರು ಹಿಡಿದು ಕೇಳ್ದೋನನ್ನ ಬರಿಗೈಲಿ ಕಳಿಸ್ತಾರಾ? ನಮ್ಮ ತಾಯಿ ಎಂಥೆಂಥೋರಿಗೆ ಕಟ್ಟಿ ಹಾಡಿದ್ಲು. ಮುಖ ನೋಡ್ದೇ ಇರೋರಿಗೆ ಹಾಡಿದ್ಲು."

ಅದೂ ನನಗೆ ಗೊತ್ತಿರಬೇಕಿತ್ತು. ನಮ್ಮ ಊರಿನಲ್ಲಿ ಕಡಲಿನಲ್ಲಿ ಮುಳುಗಿ ಹೆಣ ಸಿಗದವರ ಮನೆಯವರು ಹಾಡುವವಳ ಬಾಗಿಲಿಗೆ ಹೋಗಿ ಹೆಸರು ಹೇಳಿ ನಿಲ್ಲುತ್ತಿದ್ದರು. ಅವಳು ಕಟ್ಟಿ ಕೊಡುತ್ತಿದ್ದಳು. ಅದು ಭಿಕ್ಷೆಯಲ್ಲ, ಮರ್ಯಾದೆ. ನಾನು ನಿಂತದ್ದೂ ಹಾಗೆಯೇ. ಆದರೆ ನಾನು ಕೇಳಿದ್ದು ಸಂಜೆ ಶಾಲೆಯವನ ಹಾಗೆ, ಪ್ರಶ್ನೆಗೆ ಉತ್ತರ ಬರುತ್ತದೆ ಎಂದು.

"ಗಡ್ಡ ಎಲ್ಲಿಂದ ತಂದೆ ಅಜ್ಜಿ?"

"ನಿನ್ನ ಮೀಸೆ ಕೆಂಪಲ್ವಾ."

ಮೇವ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. "ದಿನಾ ಕನ್ನಡೀಲಿ ಆ ಮೀಸೆ ನೋಡ್ಕೊಳ್ತೀಯ, ಅಷ್ಟು ಹೊಳೀಲಿಲ್ವಾ ನಿಂಗೆ?" ಎಂದಳು.

"ಹತ್ತೊಂಬತ್ತೇ ಹೇಗಾಯ್ತು?" ಎಂದೆ. "ನನ್ನಪ್ಪ ಸೇರಿದ್ರೆ ಇಪ್ಪತ್ತಾಗ್ಬೇಕಲ್ಲ."

ನಾಬ್ಲಾ ಕಣ್ಣು ಮುಚ್ಚಿದಳು. "ಇಪ್ಪತ್ತು ಹಾಡಿದ್ರೆ ಜನ ಏನಂತಿದ್ರು? ಮುದುಕಿಗೆ ಅರಳುಮರಳು, ಹಾಡೇ ಸುಳ್ಳು ಅಂತಿದ್ರು. ಒಬ್ಬನ್ನ ಬಿಟ್ಟೆ."

"ಯಾರನ್ನ?"

"ಯಾರೂ ಇಲ್ಲದೋನನ್ನ. ಅವನು ನಮ್ಮ ಕಡೆಯೋನಲ್ಲ. ಕಾಲುವೆ ಕೆಲಸ ಬಿಟ್ಟು ದಾರೀಲಿ ಸೇರ್ಕೊಂಡೋನು. ಮೂವತ್ತೈದು ವರ್ಷ ಹಾಡ್ದೆ, ಒಬ್ರೂ ಅವನಿಗಾಗಿ ಬರ್ಲಿಲ್ಲ. ಒಬ್ರೂ ಅವನ ಹೆಸರಿಗೆ ತಲೆ ಎತ್ಲಿಲ್ಲ. ನೀನು ಕಣ್ಣೆದುರು ಕೂತಿದ್ದೆ, ನಿನಗೆ ಬೇಕಾಗಿತ್ತು. ಅವನು ಜರುಗಿ ಜಾಗ ಕೊಡ್ಲಿ ಅಂದ್ಕೊಂಡೆ."

"ಅವನ ಹೆಸರು ಹೇಳು ಅಜ್ಜಿ."

ಅವಳು ಬಾಯಿ ತೆರೆದಳು. ಹೆಸರು ಬರಲಿಲ್ಲ. ಹತ್ತನೆಯ ಪದ್ಯ ಗುನುಗಿದಳು, ಅದರ ಕೊನೆಯ ಮಾತಿಗೆ ಬಂದಳು, ನನ್ನ ಅಪ್ಪನ ಪದ್ಯ ಬಂತು. ಮತ್ತೆ ಗುನುಗಿದಳು. ಮತ್ತೆ ಅಪ್ಪನೇ ಬಂದ. ಅವನನ್ನು ಕೂರಿಸುವುದಕ್ಕೆ ಅವಳು ಹಿಂದಿನ ಪದ್ಯದ ತುದಿಯನ್ನೂ ಮುಂದಿನದರ ತಲೆಯನ್ನೂ ಬದಲಿಸಿದ್ದಳು. ಹಳೆಯವನಿಗೆ ಈಗ ಹಿಡಿದುಕೊಳ್ಳಲು ಆ ಕಡೆಯ ಕೈಯೂ ಇರಲಿಲ್ಲ, ಈ ಕಡೆಯ ಕೈಯೂ ಇರಲಿಲ್ಲ. ನಾನು ಅವಳ ಕೈ ಹಿಡಿದೆ, ತಿರುಗಿಸಿದೆ, ಮೊದಲಿನಿಂದ ಹಾಡಿಸಿದೆ. ಮೂರನೆಯ ಸಲ ಅವಳು ಕೆಮ್ಮಿ ಕೆಮ್ಮಿ ಅಳತೊಡಗಿದಳು.

"ಮಜ್ಜಿಗೆ ಕೇಳಿದ್ದ," ಎಂದಳು. "ಜ್ವರದಲ್ಲಿ ಮಜ್ಜಿಗೆ ಮಜ್ಜಿಗೆ ಅಂತಿದ್ದ. ಎಲ್ಲಿತ್ತು ಮಜ್ಜಿಗೆ? ಮುಖ ಕಾಣ್ತಾ ಇದೆ ಮಗಾ. ಹೆಸರಿಲ್ಲ."

"ಸಾಕು ಬಿಡು," ಎಂದು ಮೇವ್ ನನ್ನ ತೋಳು ಹಿಡಿದು ಎಬ್ಬಿಸಿದಳು. "ಸತ್ತೋರನ್ನ ಹುಡುಕೋಕೆ ಹೋಗಿ ಇದ್ದೋಳನ್ನೂ ಸಾಯಿಸ್ಬೇಡ."

ಅಲ್ಲಿಂದ ಟರ್ಲೊನ ಅಂಗಡಿಗೆ ಹೋದೆ. ಅವನು ನನ್ನನ್ನು ಹಿಂದಿನ ಕೋಣೆಗೆ ಕರೆದು, ಪೀಪಾಯಿಯ ಮೇಲೆ ಕೂರಿಸಿ, ಎಲ್ಲವನ್ನೂ ಕೇಳಿದ. ಒಂದು ಸಲವೂ ತಮಾಷೆ ಮಾಡಲಿಲ್ಲ.

"ಅಪ್ಪನ ಹೆಸರು ಕೆರೆದು ತೆಗ್ಸೋಣ," ಎಂದೆ.

"ತೆಗೆದು ಏನು ಹಾಕೋಣ?"

"ಖಾಲಿ ಬಿಡೋಣ. ಇಲ್ಲಾಂದ್ರೆ ಹೆಸರು ಗೊತ್ತಿಲ್ಲದ ಒಬ್ಬ ಅಂತ ಬರ್ಸೋಣ."

ಟರ್ಲೊ ಗಲ್ಲ ಉಜ್ಜಿಕೊಂಡ. "ಕೇಳು. ಕಂಪನಿ ಏನಂತಿದೆ? ಅಲ್ಲಿ ಯಾರೂ ಸತ್ತಿಲ್ಲ, ಇದೆಲ್ಲ ಹೆಂಡ ಕುಡಿದೋರ ಹಾಡು ಅಂತಿದೆ. ನಮ್ಮ ಹತ್ರ ಇರೋ ಸಾಕ್ಷಿ ಏನು? ಅದೇ ಹಾಡು. ಈಗ ನೀನು ಎದ್ದು ನಿಂತು, ಹಾಡೋಳು ಒಬ್ಬನ್ನ ತಾನಾಗೇ ಸೇರ್ಸಿದ್ಲು ಅಂತ ಹೇಳು. ಮರುದಿನ ಪತ್ರಿಕೇಲಿ ಬರುತ್ತೆ. ಒಬ್ಬನ್ನ ಸೇರ್ಸಿದೋಳು ಹತ್ತೊಂಬತ್ತು ಜನರನ್ನೂ ಯಾಕೆ ಸೇರ್ಸಿರ್ಬಾರ್ದು ಅಂತಾರೆ. ಆ ಹದಿನೆಂಟು ಜನರನ್ನ ಇನ್ನೊಂದ್ಸಲ ಹೂಳ್ತೀಯಾ?"

ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಎಷ್ಟೋ ಸಲ ಹುಡುಕಿದ್ದೇನೆ.

"ಮತ್ತೆ ನಿನ್ನ ತಾಯಿ ಮಾನ," ಎಂದ ಮೆತ್ತಗೆ. "ಅವಳು ಹೊಟ್ಟೇಲಿ ಇಟ್ಕೊಂಡು ಹೋದದ್ದನ್ನ ನೀನು ಬೀದೀಲಿ ಹೇಳ್ತೀಯಾ? ಬಿಡು ಕಾನಲ್. ಆ ಮನುಷ್ಯನಿಗೆ ಯಾರೂ ಇಲ್ಲ. ಯಾರೂ ಕೇಳ್ಕೊಂಡು ಬರಲ್ಲ."

ನಾನು ಬಿಟ್ಟೆ.

ಆಗಸ್ಟಿನಲ್ಲಿ ಕಲ್ಲು ನಿಲ್ಲಿಸಿದರು. ನಾಬ್ಲಾಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಬಂದಿದ್ದರು. ಅವಳು ಹಾಡಿದಳು. ಮುನ್ನೂರು ಮಂದಿ ಒಂದೇ ದನಿಯಲ್ಲಿ ದೇವರು ಅವನಿಗೆ ಜಾಗ ಕೊಡಲಿ ಎಂದರು. ಹನ್ನೊಂದನೆಯ ಪದ್ಯ ಬಂದಾಗ ಸುತ್ತಲಿದ್ದವರು ನನ್ನ ಕಡೆ ತಿರುಗಿ, ಟೋಪಿ ತೆಗೆದು ನಿಂತರು. ಮಿಸೌರಿಯಲ್ಲಿ ಎಲ್ಲೋ ತನ್ನ ಮಕ್ಕಳ ನಡುವೆ ಸತ್ತಿರಬಹುದಾದ, ಅಥವಾ ಇನ್ನೂ ಬದುಕಿರಬಹುದಾದ ಒಬ್ಬನಿಗೆ ನಾನೂ ಅವರ ಜೊತೆ ದನಿಗೂಡಿಸಿದೆ. ಆಮೇಲೆ ಸಾಲಾಗಿ ಬಂದು ನನ್ನ ಕೈ ಕುಲುಕಿದರು. ಮೇವ್ ಮಾತ್ರ ಕುಲುಕಲಿಲ್ಲ. ಅವಳು ಅತ್ತೆಯ ಕಾಲಿಗೆ ಕಂಬಳಿ ಸುತ್ತುತ್ತಿದ್ದಳು.

ನಾಬ್ಲಾ ಕ್ರಿಸ್ಮಸ್ ನೋಡಲಿಲ್ಲ. ಅವಳ ಹಾಸಿಗೆಯ ಪಕ್ಕ ಎಷ್ಟೋ ಭಾನುವಾರ ಕೂತೆ. ನಮ್ಮವರಲ್ಲಿ ಇಡುವ ಹೆಸರುಗಳನ್ನೆಲ್ಲ ಒಂದೊಂದಾಗಿ ಹೇಳುತ್ತಿದ್ದೆ, ಯಾವುದಕ್ಕಾದರೂ ಅವಳ ಕಣ್ಣು ಮಿಟುಕುತ್ತದೆಯೋ ಎಂದು. ಕೊನೆಕೊನೆಗೆ ಎಲ್ಲ ಹೆಸರಿಗೂ ಹೌದು ಎನ್ನುತ್ತಿದ್ದಳು. ನನ್ನನ್ನು ಬರಿಗೈಯಲ್ಲಿ ಕಳಿಸಬಾರದೆಂದು.

ಮರುವರ್ಷ ಸೇಬಿನ ಕಾಲದಲ್ಲಿ ಒಂದು ದಿನ, ನಾಲ್ಕನೆಯ ಮೈಲಿಯಲ್ಲಿ ಮೊಳೆ ಬಡಿಯುತ್ತಿದ್ದಾಗ, ಏರಿಯ ಕೆಳಗೆ ಕಲ್ಲಿನ ಮುಂದೆ ಒಬ್ಬ ಹೆಂಗಸು ನಿಂತಿದ್ದು ಕಂಡಿತು. ಅರವತ್ತು ದಾಟಿದವಳು, ಕಪ್ಪು ಶಾಲು, ಪಕ್ಕದಲ್ಲಿ ಬಟ್ಟೆಯ ಗಂಟು. ಅವಳು ಕಲ್ಲಿನ ಮೇಲೆ ಬೆರಳಾಡಿಸುತ್ತಿದ್ದಳು. ನನ್ನನ್ನು ಕಂಡು ಕೈ ಬೀಸಿದಳು. ಇಳಿದು ಹೋದೆ.

"ಓದೋಕೆ ಬರುತ್ತೇನಪ್ಪಾ ನಿಂಗೆ?" ಎಂದಳು ಐರಿಷ್‌ನಲ್ಲಿ. ಐರ್ಲೆಂಡಿನ ಮೇಯೋ ಸೀಮೆಯ ಮಾತು. "ಒಹಾಯೋದಿಂದ ಬಂದೆ. ಬಟ್ಟೆ ಒಗೆಯೋ ಮನೇಲಿ ಯಾರೋ ಪತ್ರಿಕೆ ಓದಿ ಹೇಳಿದ್ರು, ಹೀಗೊಂದು ಕಲ್ಲಿದೆ, ಹೆಸರೆಲ್ಲ ಇದೆ ಅಂತ. ನನ್ನ ಅಣ್ಣನ ಹೆಸರಿದೆಯಾ ನೋಡು."

"ಅಣ್ಣನ ಹೆಸರೇನಮ್ಮ?"

"ನೀನು ಓದು. ನಾನು ಹೇಳ್ಬಿಟ್ರೆ ಇದೆ ಅಂದ್ಬಿಡ್ತೀಯ. ಜನ ಹಾಗೇ, ಒಳ್ಳೇತನಕ್ಕೆ ಸುಳ್ಳು ಹೇಳ್ತಾರೆ. ನೀನು ಓದು, ನಾನು ಕೇಳ್ತೀನಿ."

ಅವಳಿಗಿದ್ದ ಬುದ್ಧಿ ನನಗಿರಲಿಲ್ಲ. ನಾನು ಓದಿದೆ. ಒಂದೊಂದು ಹೆಸರಿಗೂ ಅವಳು ಅಲ್ಲ ಎಂದು ತಲೆ ಅಲ್ಲಾಡಿಸುತ್ತಾ ಹೋದಳು. ಹನ್ನೊಂದನೆಯದನ್ನೂ ಓದಿದೆ. ಅದಕ್ಕೂ ಅಲ್ಲಾಡಿಸಿದಳು. ಹತ್ತೊಂಬತ್ತು ಮುಗಿಯಿತು.

"ಅಷ್ಟೇನಾ?"

"ಅಷ್ಟೇ."

ಅವಳು ಗಂಟಿನ ಮೇಲೆ ಕೂತಳು. "ಫಿಂಟನ್ ಡರ್ಕನ್," ಎಂದಳು. "ಕಾಲುವೆ ಕೆಲಸ ಮಾಡ್ತಿದ್ದ. ಇನ್ಮೇಲೆ ರೈಲಿನ ಕೆಲಸಕ್ಕೆ ಹೋಗ್ತೀನಿ, ಕರೆಸ್ಕೋತೀನಿ ಅಂತ ಹೇಳಿ ಕಳ್ಸಿದ್ದ. ಕರೆಸ್ಕೊಳ್ಲಿಲ್ಲ. ಆಮೇಲೆ ನಾನೇ ಬಂದೆ. ನಮ್ಮವ್ವ ಅಂತಿದ್ಲು, ಅವನು ಸತ್ತಿರ್ಬೇಕು, ಇಲ್ದಿದ್ರೆ ನಮ್ಮನ್ನ ಮರೆಯೋನಲ್ಲ ಅಂತ. ಇಲ್ಲಿ ಇಲ್ಲ ಅಂದ್ಮೇಲೆ ಎಲ್ಲೋ ಇದ್ದ. ಮರೆತ. ಮರ್ತುಬಿಟ್ಟ ಅಷ್ಟೇ."

ಕಾಲುವೆ ಬಿಟ್ಟು ರೈಲಿಗೆ ಬಂದವರು ಸಾವಿರಾರು ಮಂದಿ. ಮೇಯೋದವರೇ ನೂರಾರು. ಇವಳ ಅಣ್ಣನೇ ಅವನು ಎನ್ನಲು ನನ್ನ ಹತ್ತಿರ ಏನೂ ಇರಲಿಲ್ಲ, ಅಲ್ಲ ಎನ್ನಲೂ ಇರಲಿಲ್ಲ. ನಾಬ್ಲಾ ಮಣ್ಣು ಸೇರಿ ಹತ್ತು ತಿಂಗಳಾಗಿತ್ತು. ಸುಮ್ಮನಿದ್ದರೆ ಇವಳು ಅಣ್ಣ ತನ್ನನ್ನು ಮರೆತ ಎಂದು ತಿಳಿದು ಹೋಗುತ್ತಾಳೆ. ಆ ತಿಳಿವಳಿಕೆ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ಹೇಳಿಬಿಟ್ಟೆ. ಅಪ್ಪನನ್ನು, ಅಕ್ಕನ ಕಾಗದವನ್ನು, ಹಾಡಿನಿಂದ ಜಾರಿಹೋದವನನ್ನು, ಎಲ್ಲವನ್ನೂ, ನಿಂತ ನಿಲುವಿನಲ್ಲಿ ಹೇಳಿದೆ.

ಮುಗಿದ ಮೇಲೆ ಕೇಳಿದಳು.

"ಅವನೇ ಇವನಾ ಹಾಗಾದ್ರೆ?"

"ಗೊತ್ತಿಲ್ಲಮ್ಮ."

"ಗೊತ್ತಿರೋರು ಯಾರು?"

"ಯಾರೂ ಇಲ್ಲ."

ಅವಳು ಏರಿಯನ್ನು ನೋಡಿದಳು. ಹುಲ್ಲು, ಅದರ ಮೇಲೆ ಜಲ್ಲಿ, ಅದರ ಮೇಲೆ ಹಳಿ. "ಇಲ್ಲಿಗೆ ಬಂದ್ರೆ ಎರಡರಲ್ಲಿ ಒಂದು ತಿಳಿಯುತ್ತೆ ಅಂದ್ಕೊಂಡಿದ್ದೆ," ಎಂದಳು. "ಇದ್ದಾನೆ, ಇಲ್ಲಾ ಸತ್ತ. ಈಗ ಅಳಬೇಕೋ ಬೈಬೇಕೋ ಅದೂ ಗೊತ್ತಿಲ್ದಂಗೆ ಮಾಡ್ದೆಯಲ್ಲಪ್ಪ."

ನಾನು ಏನೋ ಹೇಳಲು ಹೋದೆ. ಸಂಘದವರಿಗೆ ಹೇಳಿ ಅವಳ ಅಣ್ಣನ ಹೆಸರು ಕೆತ್ತಿಸುತ್ತೇನೆ ಎಂದು. ಬಾಯಿಯವರೆಗೆ ಬಂದ ಮೇಲೆ ತಿಳಿಯಿತು, ಅದು ನಾಬ್ಲಾ ಮಾಡಿದ್ದೇ ಎಂದು. ನಿಲ್ಲಿಸಿದೆ.

ಅವಳು ಎದ್ದು ಗಂಟನ್ನು ತೋಳಿಗೆ ಹಾಕಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು.

"ಇನ್ನೊಂದ್ಸಲ ಓದು," ಎಂದಳು. "ಮೆಲ್ಲಗೆ. ಒಂದೂ ಬಿಡ್ಬೇಡ."

ನಾನು ಕಲ್ಲಿನ ಕಡೆ ತಿರುಗಿ ಮೊದಲಿನಿಂದ ಓದಿದೆ. ಅವಳು ಶಾಲನ್ನು ಹಿಂದಕ್ಕೆ ಸರಿಸಿ, ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದು ಕೇಳಿದಳು. ಹನ್ನೊಂದನೆಯ ಹೆಸರನ್ನೂ ಓದಲೇಬೇಕಾಯಿತು, ಕಲ್ಲಿನ ಮೇಲೆ ಅದಿತ್ತು. ಅದು ಮುಗಿದು ಹನ್ನೆರಡನೆಯದಕ್ಕೆ ಹೋಗುವ ಮೊದಲು ಅವಳು ಉಸಿರು ಬಿಗಿ ಹಿಡಿದು ಕಾದಳು. ನಾನೂ ಕಾದೆ. ಆಮೇಲೆ ಹನ್ನೆರಡನೆಯದನ್ನು ಓದಿದೆ.